"ನಿಮ್ಮಪ್ಪ ಹಾಕ್ಕೊಂಡಿದ್ರಾ?"

ವೇದಿಕೆಯ ಮೇಲಿದ್ದ ಅತಿಥಿಗಳು ಮೈಕಿನಲ್ಲಿ ಹೀಗೆ ಕೇಳಿದ ಕೂಡಲೇ ಇಡೀ ಸೆಮಿನಾರ್ ಹಾಲ್ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ನಮ್ಮ ಲೆಕ್ಚರರ್‌ಗಳೂ ನಕ್ಕರು. ಪ್ರಶ್ನೆ ಕೇಳಲು ಎದ್ದು ನಿಂತಿದ್ದ ನಾನೂ ನಕ್ಕುಬಿಟ್ಟೆ. ಇವತ್ತು ಈ ಲೇಖನ ಬರೆಯುತ್ತಿರುವುದೇ ನನ್ನ ಆ ನಗುವಿನ ಕಾರಣಕ್ಕೆ.

ಆಗ ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಕಾಲೇಜುಗಳನ್ನು ಸುತ್ತಿ ಮೂಢನಂಬಿಕೆ ವಿರುದ್ಧ ಭಾಷಣ ಮಾಡುವ ಒಬ್ಬರನ್ನು ಕರೆಸಿದ್ದರು. ಅವತ್ತಿನ ವಿಷಯ ಹಾರುವ ತಟ್ಟೆಗಳು. ಚೆನ್ನಾಗಿಯೇ ಮಾತಾಡಿದರು. ಶುಕ್ರಗ್ರಹ, ಹವಾಮಾನದ ಬಲೂನು, ತಟ್ಟೆಯಾಕಾರದ ಮೋಡ, ಹೀಗೆ ಜನ ಯಾವ ಯಾವುದನ್ನು ನೋಡಿ ಅನ್ಯಗ್ರಹದ ವಾಹನ ಅಂದುಕೊಳ್ಳುತ್ತಾರೆಂದು ಚಿತ್ರ ತೋರಿಸಿ ವಿವರಿಸಿದರು. ಕೊನೆಗೆ "ಪ್ರಶ್ನೆಗಳಿದ್ದರೆ ಕೇಳಿ" ಅಂದಾಗ ನಾನು ಎದ್ದು ಅಪ್ಪ ನೋಡಿದ್ದನ್ನು ಹೇಳಿದೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ತೆಂಗು, ರಾಗಿ, ಒಂದು ಬೋರ್‌ವೆಲ್. ಅದಕ್ಕೆ ಎರಡು ತಿಂಗಳ ಹಿಂದೆ, 2021ರ ಡಿಸೆಂಬರಿನಲ್ಲಿ, ಸಂಜೆ ಏಳರ ಸುಮಾರಿಗೆ ತ್ರೀಫೇಸ್ ಕರೆಂಟ್ ಬರುತ್ತದೆಂದು ಅಪ್ಪ ತೋಟದಲ್ಲಿ ಕಾಯುತ್ತಾ ಕೂತಿದ್ದ. ವಾಯವ್ಯದ ಕಡೆಯಿಂದ ದೀಪಗಳ ಒಂದು ಸಾಲು ಎದ್ದು ಬಂತಂತೆ. ಒಂದರ ಹಿಂದೆ ಒಂದು, ಪೋಣಿಸಿದ ಹಾಗೆ. ಸದ್ದಿಲ್ಲ, ಮಿಣುಕುವುದೂ ಇಲ್ಲ. ನೆತ್ತಿ ದಾಟಿ ಆಗ್ನೇಯಕ್ಕೆ ಹೋಗುತ್ತಾ, ಆಕಾಶದ ಒಂದು ಜಾಗಕ್ಕೆ ಬಂದ ಕೂಡಲೇ ಮೊದಲನೆಯದು ಆರಿತು, ಅದೇ ಜಾಗದಲ್ಲಿ ಎರಡನೆಯದು, ಆಮೇಲೆ ಮೂರನೆಯದು. ಮೂವತ್ತರವರೆಗೆ ಎಣಿಸಿ ಅಪ್ಪನಿಗೆ ಲೆಕ್ಕ ತಪ್ಪಿತ್ತು. "ಅಲ್ಲೇನೋ ಒಂದು ಬಾಗಿಲಿತ್ತೇನೋ ಅನ್ನಂಗೆ ಒಳಕ್ಕೆ ಹೋದ್ವು ಕಣಮ್ಮ" ಅಂದಿದ್ದ.

ಇಷ್ಟನ್ನು ಹೇಳಿ, "ಇದು ಏನಿರಬಹುದು ಸರ್?" ಎಂದು ಕೇಳಿದ್ದಕ್ಕೆ ಬಂದ ಉತ್ತರ ಶೀರ್ಷಿಕೆಯಲ್ಲಿದೆ.

ಅಪ್ಪ ಜೀವನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಅದನ್ನು ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ನಕ್ಕು ಕೂತೆ. ಅದೇ ಕಾಲೇಜಿನಲ್ಲಿ ಓದುತ್ತಿದ್ದ ನಮ್ಮೂರಿನ ಹುಡುಗನೊಬ್ಬ ವಾರದೊಳಗೆ ಈ ಸುದ್ದಿಯನ್ನು ಊರಿಗೆ ಮುಟ್ಟಿಸಿದ. ಮುಂದಿನ ಸಲ ಮನೆಗೆ ಹೋದಾಗ ಅಪ್ಪ ಬೈಯಲಿಲ್ಲ, ಏನೂ ಕೇಳಲೂ ಇಲ್ಲ. ಮೊದಲೆಲ್ಲ ನಾನು ಹೋದಾಗ ಹೇಳಲು ಅವನ ಬಳಿ ರಾಶಿ ಸಂಗತಿ ಇರುತ್ತಿತ್ತು: ತೋಟಕ್ಕೆ ಬಂದ ಹೊಸ ಹಕ್ಕಿ, ಚಂದ್ರನ ಸುತ್ತ ಕಟ್ಟಿದ ಕಣ, ಗೆದ್ದಲು ಯಾವ ಕಡೆ ಏರುತ್ತಿದೆ ಎಂಬುದು. ಆಮೇಲೆ ಹೇಳುವುದನ್ನೇ ಬಿಟ್ಟ.

ಎರಡೇ ಪ್ರಶ್ನೆ ಸಾಕಿತ್ತು

ಡಿಗ್ರಿ ಮುಗಿಸಿ, ಬೆಂಗಳೂರಿನ ವಿಜಯನಗರದ ಪಿ.ಜಿ.ಯೊಂದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಗ ಪ್ರಚಲಿತ ವಿದ್ಯಮಾನಗಳ ನೋಟ್ಸಿನಲ್ಲಿ 'ಸ್ಟಾರ್‌ಲಿಂಕ್' ಬಂತು. 2019ರ ಮೇ ತಿಂಗಳಿನಿಂದ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿ ಇಂಟರ್‌ನೆಟ್ ಉಪಗ್ರಹಗಳನ್ನು ಗುಂಪುಗುಂಪಾಗಿ ಹಾರಿಸುತ್ತಿದೆ, ಮೊದಲ ಗುಂಪಿನಲ್ಲೇ 60 ಇದ್ದವು. ಒಂದೇ ರಾಕೆಟ್ಟಿನಿಂದ ಬಿಡುಗಡೆಯಾದ ಉಪಗ್ರಹಗಳು ಮೊದಲ ಕೆಲವು ದಿನ ರೈಲಿನ ಬೋಗಿಗಳಂತೆ ಸಾಲಾಗಿ ಸುತ್ತುತ್ತವೆ. ಆಮೇಲೆ ಒಂದೊಂದೇ ಮೇಲಿನ ಕಕ್ಷೆಗೆ ಏರಿ ಚದುರುತ್ತವೆ.

ಓದುತ್ತಿದ್ದಂತೆ ಕೈ ನಿಂತಿತು. ಅಪ್ಪ ಹೇಳಿದ್ದು ಪೂರ್ತಿ ಇದೇ. ದೀಪಗಳು ಒಂದೇ ಜಾಗದಲ್ಲಿ ಆರಿದ್ದಕ್ಕೂ ಕಾರಣ ಸಿಕ್ಕಿತು. ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಸೂರ್ಯ ಮುಳುಗಿದ ಮೇಲೂ ನೂರಾರು ಕಿಲೋಮೀಟರ್ ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ಆ ಬಿಸಿಲಿಗೆ ಅವು ಹೊಳೆಯುತ್ತವೆ. ಪೂರ್ವದ ಕಡೆ ಸಾಗುತ್ತಾ ಭೂಮಿಯ ನೆರಳಿನೊಳಗೆ ಹೋದ ಕೂಡಲೇ ಕಾಣದಾಗುತ್ತವೆ. ಎಲ್ಲವೂ ಒಂದೇ ದಾರಿಯಲ್ಲಿ ಬರುವುದರಿಂದ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮರೆಯಾಗುತ್ತವೆ. ಅಪ್ಪ ಹೇಳಿದ 'ಬಾಗಿಲು' ಭೂಮಿಯ ನೆರಳು.

ಹಾಗಾದರೆ ಅವತ್ತಿನ ಅತಿಥಿಗಳು ಹೇಳಿದ್ದು ಸರಿಯೇ ಆಯಿತಲ್ಲ, ಅದು ಹಾರುವ ತಟ್ಟೆಯಲ್ಲವಲ್ಲ ಎಂದು ನೀವು ಕೇಳಬಹುದು. ಇಲ್ಲ. ಅವರು ಕೊಟ್ಟ ವಿವರಣೆ ಕುಡಿತ, ಮತ್ತು ಅದು ಶುದ್ಧ ತಪ್ಪು. ಸರಿಯಾದ ವಿವರಣೆ ಅಪ್ಪನ ಮಾತಿನೊಳಗೇ ಇತ್ತು. ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಎಂಬ ಎರಡು ಪ್ರಶ್ನೆ ಕೇಳಿದ್ದರೆ ಅಲ್ಲೇ ಹೊರಬರುತ್ತಿತ್ತು. ನೋಡಿದವನ ಮಾತನ್ನು ನಂಬಿ ಕೆದಕಿದ್ದರೆ ವಿಜ್ಞಾನ ಸಿಗುತ್ತಿತ್ತು. ನಕ್ಕಿದ್ದರಿಂದ ಸಿಕ್ಕಿದ್ದು ಚಪ್ಪಾಳೆ ಮಾತ್ರ.

ಮನಸ್ಸು ಬದಲಿಸಿದ ಖಗೋಳ ವಿಜ್ಞಾನಿ

ಈ ಸಿಟ್ಟಿನಲ್ಲೇ ಯುಎಫ್‌ಒಗಳ ಬಗ್ಗೆ, ಅಂದರೆ ಗುರುತು ಸಿಗದ ಹಾರುವ ವಸ್ತುಗಳ ಬಗ್ಗೆ ಓದಲು ಶುರುಮಾಡಿದೆ. ಮೊದಲು ಎದುರಾದ ಹೆಸರು ಜೆ. ಆಲನ್ ಹೈನೆಕ್. 1948ರಲ್ಲಿ ಅಮೆರಿಕದ ವಾಯುಪಡೆ ಇಂತಹ ವರದಿಗಳನ್ನು ಪರಿಶೀಲಿಸಲು ಸಲಹೆಗಾರರನ್ನಾಗಿ ನೇಮಿಸಿಕೊಂಡ ಖಗೋಳ ವಿಜ್ಞಾನಿ. ಯಾವುದು ನಕ್ಷತ್ರ, ಯಾವುದು ಉಲ್ಕೆ ಎಂದು ಬೇರ್ಪಡಿಸಿ ಕೊಡುವುದು ಅವರ ಕೆಲಸ. ಅವರೂ ಮೊದಮೊದಲು ಇದನ್ನೆಲ್ಲ ಜನರ ಹುಚ್ಚು ಎಂದೇ ಭಾವಿಸಿದ್ದರು.

1966ರ ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯದ ಡೆಕ್ಸ್‌ಟರ್ ಮತ್ತು ಹಿಲ್ಸ್‌ಡೇಲ್‌ನಲ್ಲಿ ರಾತ್ರಿ ಹೊತ್ತು ವಿಚಿತ್ರ ಬೆಳಕು ಕಂಡಿತೆಂದು ಸುದ್ದಿಯಾಯಿತು. ನೋಡಿದವರಲ್ಲಿ ಪೊಲೀಸರಿದ್ದರು, ಹಿಲ್ಸ್‌ಡೇಲ್ ಕಾಲೇಜಿನ ಹಾಸ್ಟೆಲ್ಲಿನ ಹತ್ತಾರು ವಿದ್ಯಾರ್ಥಿನಿಯರಿದ್ದರು. ಹೈನೆಕ್ ಅಲ್ಲಿಗೆ ಹೋಗಿ, ಡೆಟ್ರಾಯಿಟ್‌ನ ಪತ್ರಿಕಾಗೋಷ್ಠಿಯಲ್ಲಿ, ಅದು ಜೌಗು ನೆಲದಲ್ಲಿ ಕೊಳೆತ ಸೊಪ್ಪುಸದೆಯಿಂದ ಏಳುವ ಅನಿಲದ ಬೆಳಕಿರಬಹುದು ಎಂದರು. ನೋಡಿದವರಿಗೆ ಅವಮಾನವಾಯಿತು, ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಆ ರಾಜ್ಯದ ಸಂಸದರಾಗಿದ್ದ, ಮುಂದೆ ಅಧ್ಯಕ್ಷರೂ ಆದ ಜೆರಾಲ್ಡ್ ಫೋರ್ಡ್ ಈ ಬಗ್ಗೆ ಸಂಸತ್ತಿನಲ್ಲಿ ವಿಚಾರಣೆ ಆಗಬೇಕೆಂದು ಒತ್ತಾಯಿಸಿದರು.

ವಾಯುಪಡೆಯ ಈ ಕೆಲಸಕ್ಕೆ 1952ರಿಂದ 'ಪ್ರಾಜೆಕ್ಟ್ ಬ್ಲೂ ಬುಕ್' ಎಂಬ ಹೆಸರಿತ್ತು. 1969ರಲ್ಲಿ ಅದನ್ನು ಮುಚ್ಚಿದಾಗ ಕಡತದಲ್ಲಿದ್ದ ಪ್ರಕರಣಗಳು 12,618. ಬಹುಪಾಲಿಗೆ ವಿವರಣೆ ಸಿಕ್ಕಿತ್ತು. 701 ಮಾತ್ರ 'ಗುರುತಿಸಲಾಗದವು' ಎಂದೇ ಉಳಿದವು. ಇದರ ಅರ್ಥ 701 ಅನ್ಯಗ್ರಹದ ವಾಹನಗಳು ಬಂದಿದ್ದವು ಎಂದಲ್ಲ. ಅವು ಏನೆಂದು ತಿಳಿಯಲಿಲ್ಲ, ಅಷ್ಟೇ. ಆದರೆ ಇಪ್ಪತ್ತು ವರ್ಷ ಆ ಕಡತಗಳ ನಡುವೆ ಕೂತಿದ್ದ ಹೈನೆಕ್‌ಗೆ, ಅದನ್ನು ಒಪ್ಪಿಕೊಂಡು ಸರಿಯಾಗಿ ತನಿಖೆ ಮಾಡಬೇಕು ಅನ್ನಿಸಿತು. 1972ರಲ್ಲಿ ಪುಸ್ತಕ ಬರೆದರು, ಮರುವರ್ಷ ಅಧ್ಯಯನ ಕೇಂದ್ರವನ್ನೇ ಕಟ್ಟಿದರು. ಗೇಲಿ ಮಾಡುವ ಕೆಲಸ ಸಿಕ್ಕಿದ್ದ ಮನುಷ್ಯ ಕಡತ ಓದಿ ಮನಸ್ಸು ಬದಲಾಯಿಸಿಕೊಂಡರು. ಓದದೆ ನಕ್ಕವರಿಗೆ ಬದಲಾಗುವ ಅಗತ್ಯವೇ ಬೀಳಲಿಲ್ಲ.

ಉತ್ತರ ಮೊದಲು, ಲೆಕ್ಕ ಆಮೇಲೆ

ಬ್ಲೂ ಬುಕ್ ಮುಚ್ಚಲು ಆಧಾರವಾದದ್ದು ಕೊಲರಾಡೊ ವಿಶ್ವವಿದ್ಯಾಲಯದ ಅಧ್ಯಯನ. ಮುಖ್ಯಸ್ಥರು ಎಡ್ವರ್ಡ್ ಕಾಂಡನ್, ದೊಡ್ಡ ಭೌತವಿಜ್ಞಾನಿ. ಕೆಲಸ ಶುರುವಾಗಿ ಕೆಲವೇ ತಿಂಗಳಾಗಿತ್ತು. 1967ರ ಜನವರಿಯಲ್ಲಿ ಅವರು ಒಂದು ಭಾಷಣದಲ್ಲಿ, ಇದರಲ್ಲಿ ಏನೂ ಇಲ್ಲ ಅನ್ನುವ ಧಾಟಿಯಲ್ಲಿ ಮಾತಾಡಿಬಿಟ್ಟರು. ಯೋಜನೆಯ ಸಂಯೋಜಕ ರಾಬರ್ಟ್ ಲೋ 1966ರಲ್ಲಿ ಬರೆದಿದ್ದ ಒಂದು ಟಿಪ್ಪಣಿಯೂ ಆಮೇಲೆ ಹೊರಬಂತು. ಜನರಿಗೆ ಇದು ನಿಷ್ಪಕ್ಷಪಾತ ಅಧ್ಯಯನವಾಗಿ ಕಾಣಬೇಕು, ವಿಜ್ಞಾನಿಗಳಿಗೆ ಮಾತ್ರ ಏನೂ ಸಿಗದೆಂದು ತಿಳಿದೇ ನಡೆಸುವ ಕೆಲಸವೆಂಬ ಭಾವನೆ ಬರಬೇಕು ಎಂಬುದು ಅದರ ಸಾರ. ಟಿಪ್ಪಣಿ ಹೊರಬೀಳಲು ಕಾರಣರಾದ ಇಬ್ಬರು ಸದಸ್ಯರನ್ನು ತಂಡದಿಂದ ತೆಗೆದುಹಾಕಲಾಯಿತು. ಕೊನೆಗೆ ಬಂದ ದಪ್ಪ ವರದಿಯ ಸಾರಾಂಶದಲ್ಲಿ ಕಾಂಡನ್, ಇದನ್ನು ಮುಂದೆ ಅಧ್ಯಯನ ಮಾಡಿ ವಿಜ್ಞಾನಕ್ಕೆ ಲಾಭವಿಲ್ಲ ಎಂದರು. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಅದೇ ವರದಿಯ ಒಳಪುಟಗಳಲ್ಲಿ, ಪರಿಶೀಲಿಸಿದ ಪ್ರಕರಣಗಳಲ್ಲಿ ಗಣನೀಯ ಪಾಲು ವಿವರಣೆ ಸಿಗದೆ ಉಳಿದಿದ್ದವು.

ನಮ್ಮ ಪ್ರಾಕ್ಟಿಕಲ್ ಕ್ಲಾಸಿನ ನೆನಪಾಯಿತು. ಲೋಲಕದ ಪ್ರಯೋಗದಲ್ಲಿ 'ಜಿ' ಬೆಲೆ 9.8 ಬರಬೇಕೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಉತ್ತರ ಬರೆದುಕೊಂಡು ಹಿಂದಿನಿಂದ ರೀಡಿಂಗ್ ತುಂಬುತ್ತೇವೆ. ನಾವು ಮಾಡಿದರೆ ಕಳ್ಳಾಟ. ದೊಡ್ಡವರು ಮಾಡಿದರೂ ಅದಕ್ಕೆ ಬೇರೆ ಹೆಸರಿಲ್ಲ.

ಗೇಲಿಗೆ ತೆತ್ತ ಬೆಲೆ ಎಷ್ಟೆಂದು ಗೊತ್ತಾಗಬೇಕಾದರೆ ಜೇಮ್ಸ್ ಮೆಕ್‌ಡೊನಾಲ್ಡ್ ಕಥೆ ಕೇಳಬೇಕು. ಅರಿಜೋನಾ ವಿಶ್ವವಿದ್ಯಾಲಯದ ವಾತಾವರಣ ವಿಜ್ಞಾನಿ. ಯುಎಫ್‌ಒ ಕಂಡ ನೂರಾರು ಜನರನ್ನು ಸ್ವತಃ ಮಾತಾಡಿಸಿ, ಹವಾಮಾನದ ದಾಖಲೆಗಳ ಜೊತೆ ತಾಳೆ ನೋಡಿದವರು. 1971ರಲ್ಲಿ ಅವರು ಅಮೆರಿಕದ ಸಂಸದೀಯ ಸಮಿತಿಯೊಂದರ ಮುಂದೆ ಬಂದದ್ದು ಬೇರೆಯದೇ ವಿಷಯಕ್ಕೆ. ಶಬ್ದಕ್ಕಿಂತ ವೇಗದ ಪ್ರಯಾಣಿಕ ವಿಮಾನಗಳು ಓಜೋನ್ ಪದರಕ್ಕೆ ಹಾನಿ ಮಾಡಬಹುದು, ಅದರಿಂದ ಚರ್ಮದ ಕ್ಯಾನ್ಸರ್ ಹೆಚ್ಚಬಹುದು ಎಂದು ಎಚ್ಚರಿಸಲು. ಅಲ್ಲಿ ಒಬ್ಬ ಸಂಸದ ಅವರ ಯುಎಫ್‌ಒ ಆಸಕ್ತಿಯನ್ನು ಎತ್ತಿ ಲೇವಡಿ ಮಾಡಿದ. ಓಜೋನ್ ತೆಳುವಾದರೆ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆಂದು ಇವತ್ತು ಹೈಸ್ಕೂಲ್ ಪಠ್ಯದಲ್ಲೇ ಇದೆ. ಗೇಲಿ ಒಮ್ಮೆ ಅಂಟಿದರೆ ಮನುಷ್ಯ ಆಮೇಲೆ ಹೇಳುವ ನಿಜಕ್ಕೂ ಅಂಟುತ್ತದೆ.

ಆಕಾಶದಿಂದ ಕಲ್ಲು ಬೀಳುತ್ತದೆಯೇ?

ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಆಕಾಶದಿಂದ ಕಲ್ಲು ಬಿತ್ತು ಅಂದವರೆಲ್ಲ ಹಳ್ಳಿಗಮಾರರು. 1768ರಲ್ಲಿ ಫ್ರಾನ್ಸಿನ ಲೂಸೆ ಎಂಬಲ್ಲಿ ಬಿದ್ದ ಕಲ್ಲನ್ನು ಪರೀಕ್ಷಿಸಿದ ಅಕಾಡೆಮಿಯ ತಂಡದಲ್ಲಿ ರಸಾಯನ ವಿಜ್ಞಾನದ ಪಿತಾಮಹ ಲಾವೋಸಿಯೆಯೇ ಇದ್ದರು. ಅದು ಆಕಾಶದ್ದಲ್ಲ, ಸಿಡಿಲು ಹೊಡೆದ ನೆಲದ ಕಲ್ಲು ಎಂದು ತೀರ್ಮಾನವಾಯಿತು. 1803ರ ಏಪ್ರಿಲ್ 26ರಂದು ಲೇಗ್ಲ್ ಊರಿನ ಸುತ್ತ ಸಾವಿರಾರು ಕಲ್ಲುಗಳು ಬಿದ್ದವು. ಈ ಸಲ ಜಾನ್ ಬಾಪ್ಟಿಸ್ಟ್ ಬಿಯೊ ಎಂಬ ಯುವ ವಿಜ್ಞಾನಿಯನ್ನು ಕಳಿಸಿದರು. ಬಿಯೊ ಹಳ್ಳಿಹಳ್ಳಿ ಸುತ್ತಿ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಜನರನ್ನು ಬೇರೆಬೇರೆಯಾಗಿ ಕೇಳಿ, ಕಲ್ಲು ಬಿದ್ದ ಜಾಗಗಳನ್ನೆಲ್ಲ ಗುರುತು ಹಾಕಿದರು. ಅವರ ವರದಿಯ ನಂತರ ಉಲ್ಕಾಶಿಲೆಯನ್ನು ಅಲ್ಲಗಳೆಯುವುದು ಕಷ್ಟವಾಯಿತು. ಲಾವೋಸಿಯೆಗಿಂತ ಬಿಯೊ ಹೆಚ್ಚು ಬುದ್ಧಿವಂತರೇನಲ್ಲ. ಹಳ್ಳಿಯವರನ್ನು ಕೂರಿಸಿಕೊಂಡು ಕೇಳಿದರು, ಅಷ್ಟೇ ವ್ಯತ್ಯಾಸ.

ತೀರಾ ಹಳೆಯದಾಯಿತು ಅನ್ನುವವರಿಗೆ ಇನ್ನೊಂದು ಉದಾಹರಣೆ. ಗುಡುಗು ಮೋಡಗಳ ಮೇಲೆ ಕ್ಷಣಮಾತ್ರ ಮಿಂಚಿ ಮರೆಯಾಗುವ ಬೆಳಕನ್ನು ಕಂಡೆವೆಂದು ಪೈಲಟ್‌ಗಳು ದಶಕಗಳ ಕಾಲ ಹೇಳುತ್ತಿದ್ದರು, ಕೇಳಿಸಿಕೊಂಡವರು ಕಡಿಮೆ. 1989ರಲ್ಲಿ ಮಿನ್ನೆಸೊಟ ವಿಶ್ವವಿದ್ಯಾಲಯದವರು ಒಂದು ಕ್ಯಾಮೆರಾ ಪರೀಕ್ಷಿಸುತ್ತಿದ್ದಾಗ ಅದು ಆಕಸ್ಮಿಕವಾಗಿ ಸೆರೆಯಾಯಿತು. ಇವತ್ತು ಅದಕ್ಕೆ 'ಸ್ಪ್ರೈಟ್' ಎಂಬ ಹೆಸರಿದೆ, ಅದರ ಮೇಲೆ ಪಿಎಚ್.ಡಿ. ಮಾಡುವವರಿದ್ದಾರೆ.

ಸಂದೇಹ ಬೇಕು, ಎರಡೂ ಕಡೆಗೆ

ನಾನು ಹಾರುವ ತಟ್ಟೆ ನಂಬುವವಳಲ್ಲ. ಅನ್ಯಗ್ರಹದವರು ಇಲ್ಲಿಗೆ ಬಂದಿದ್ದಾರೆ ಅನ್ನಲು ಒಪ್ಪುವಂತಹ ಪುರಾವೆ ಇಲ್ಲ. ಅಮೆರಿಕದ ರಕ್ಷಣಾ ಇಲಾಖೆ 2024ರಲ್ಲಿ ಪ್ರಕಟಿಸಿದ ವರದಿಯೂ ಅದನ್ನೇ ಹೇಳಿದೆ. ಸುಳ್ಳು ಫೋಟೊ, ಸುಳ್ಳು ವಿಡಿಯೊ ಮಾಡಿ ದುಡ್ಡು ಮಾಡುವವರೂ ಇದ್ದಾರೆ. ಅವರನ್ನು ಬಯಲಿಗೆಳೆಯುವವರು ಬೇಕೇ ಬೇಕು. 2022ರ ಡಿಸೆಂಬರ್ 15ರ ಸಂಜೆ ಪಶ್ಚಿಮ ಬಂಗಾಳದ ಜನ ಆಕಾಶದಲ್ಲಿ ಕಂಡ ಬೆಳಕಿಗೆ ಗಂಟೆಗಟ್ಟಲೆ ಕಥೆ ಕಟ್ಟಿದರು. ಅದೇ ಸಂಜೆ ಒಡಿಶಾ ಕರಾವಳಿಯಿಂದ ಅಗ್ನಿ-5 ಕ್ಷಿಪಣಿಯ ಪರೀಕ್ಷೆ ನಡೆದಿತ್ತು.

ನನ್ನ ತಕರಾರು ಸಂದೇಹದ ಬಗ್ಗೆ ಅಲ್ಲ, ಅದನ್ನು ಅರ್ಧಕ್ಕೆ ನಿಲ್ಲಿಸುವುದರ ಬಗ್ಗೆ. 1976ರಲ್ಲಿ ಅಮೆರಿಕದಲ್ಲಿ ಇಂತಹ ವಿಷಯಗಳ ತನಿಖೆಗೆ ಸಂದೇಹವಾದಿಗಳ ಸಮಿತಿಯೊಂದು ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರು ಮಾರ್ಸೆಲ್ಲೊ ಟ್ರುಜ್ಜಿ ಎಂಬ ಸಮಾಜಶಾಸ್ತ್ರಜ್ಞ. ಸಮಿತಿ ತನಿಖೆಗಿಂತ ತೀರ್ಪಿಗೇ ಆತುರಪಡುತ್ತಿದೆ ಎಂದು ಬೇಸತ್ತು ಸ್ವಲ್ಪ ಕಾಲದಲ್ಲೇ ಅವರು ಹೊರಬಂದರು. ಮುಂದೆ ಅವರು 'ಹುಸಿ ಸಂದೇಹವಾದ' ಎಂಬುದನ್ನು ವಿವರಿಸಿ ಬರೆದರು. ಅವರ ವಾದ ಸರಳ. "ನಿನ್ನ ಮಾತಿಗೆ ಪುರಾವೆ ಸಾಲದು" ಎನ್ನುವವನು ಏನನ್ನೂ ಸಾಬೀತು ಮಾಡಬೇಕಿಲ್ಲ. ಆದರೆ "ನೀನು ನೋಡಿದ್ದು ಭ್ರಮೆ, ನೀನು ಕುಡಿದಿದ್ದೆ" ಎನ್ನುವವನು ತಾನೇ ಒಂದು ಹೇಳಿಕೆ ಕೊಟ್ಟ ಹಾಗಾಯಿತು. ಅದಕ್ಕೆ ಪುರಾವೆ ಒದಗಿಸುವ ಹೊಣೆ ಅವನದು.

ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಎಚ್ಚೆನ್ ಭೌತವಿಜ್ಞಾನದ ಮೇಷ್ಟ್ರು. ಪವಾಡವೆಂದ ಕೂಡಲೇ ನಕ್ಕು ಸುಮ್ಮನಾಗಬಹುದಿತ್ತು. ಪರೀಕ್ಷೆ ಮಾಡೋಣ ಎಂದು ಸಮಿತಿ ಕಟ್ಟಿದರು. ಅವರ ಪುಸ್ತಕವೊಂದರ ಹೆಸರೇ 'ತೆರೆದ ಮನ'. ನಮ್ಮ ನಾಡಿನ ವಿಚಾರವಾದಕ್ಕೆ ಇಂತಹ ಹಿರಿಯರಿದ್ದಾರೆ. ಅವರ ದಾರಿಯಲ್ಲಿದ್ದೇವೆ ಅನ್ನುವವರು ಮೈಕಿನಲ್ಲಿ ಜೋಕ್ ಹೊಡೆದು ಮುಗಿಸಿದರೆ ನಷ್ಟ ವಿಚಾರವಾದಕ್ಕೇ.

ಸರಿಯಾಗಿ ಮಾಡುವುದು ಹೇಗೆಂದು ಫ್ರಾನ್ಸ್ ತೋರಿಸಿದೆ. ಅಲ್ಲಿನ ಬಾಹ್ಯಾಕಾಶ ಸಂಸ್ಥೆಯಲ್ಲಿ 1977ರಿಂದ ಇದಕ್ಕೊಂದು ವಿಭಾಗವಿದೆ. ಬಂದ ವರದಿಗಳನ್ನು ನಾಲ್ಕು ಗುಂಪು ಮಾಡುತ್ತಾರೆ: ಏನೆಂದು ಗೊತ್ತಾದವು, ಬಹುಶಃ ಗೊತ್ತಾದವು, ಮಾಹಿತಿ ಸಾಲದವು, ತನಿಖೆ ಮಾಡಿದ ಮೇಲೂ ಗೊತ್ತಾಗದವು. ಕೊನೆಯ ಎರಡರ ನಡುವಿನ ವ್ಯತ್ಯಾಸ ನೋಡಿ. 'ಮಾಹಿತಿ ಇಲ್ಲ' ಮತ್ತು 'ಮಾಹಿತಿ ಇದ್ದರೂ ತಿಳಿಯುತ್ತಿಲ್ಲ' ಎರಡೂ ಒಂದೇ ಅಲ್ಲ. ಗೇಲಿ ಮಾಡುವವರಿಗೂ ಕಣ್ಮುಚ್ಚಿ ನಂಬುವವರಿಗೂ ಈ ವ್ಯತ್ಯಾಸ ಬೇಕಾಗಿಲ್ಲ.

ನಾಸಾ ನೇಮಿಸಿದ 16 ಜನರ ತಜ್ಞರ ತಂಡ 2023ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲೂ ಇದೇ ಇದೆ. ಅನ್ಯಗ್ರಹದ ಪುರಾವೆ ಸಿಕ್ಕಿಲ್ಲ, ಒಳ್ಳೆಯ ದತ್ತಾಂಶವೇ ಇಲ್ಲ. ನಕ್ಕಾರೆಂಬ ಹೆದರಿಕೆಯಿಂದ ನೋಡಿದವರು ಹೇಳದೇ ಇರುವುದೂ ಅದಕ್ಕೊಂದು ಕಾರಣ. ಇದು ಬರೀ ಕುತೂಹಲದ ಮಾತಲ್ಲ. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಹತ್ತಿರ ಗುರುತು ಸಿಗದ ವಸ್ತು ಕಂಡಿತೆಂದು ವಿಮಾನ ಸಂಚಾರವನ್ನೇ ಕೆಲ ಗಂಟೆ ನಿಲ್ಲಿಸಬೇಕಾಯಿತು. ಅದು ಡ್ರೋನೋ, ಬಲೂನೋ, ಬೇರೇನೋ. ಕಂಡವರು "ನಕ್ಕಾರು" ಎಂದು ಸುಮ್ಮನಿದ್ದಿದ್ದರೆ?

ಪರೀಕ್ಷೆಗೆ ಓದುವ ನಮಗೆಲ್ಲ ಸಂವಿಧಾನದ 51ಎ ಬಾಯಿಪಾಠ. 1976ರ 42ನೇ ತಿದ್ದುಪಡಿ, ಮೂಲಭೂತ ಕರ್ತವ್ಯಗಳು, ಒಂದು ಅಂಕದ ಪ್ರಶ್ನೆ. ಅದರ (ಎಚ್) ಉಪವಿಧಿಯಲ್ಲಿ ವೈಜ್ಞಾನಿಕ ಮನೋಭಾವದ ಪಕ್ಕದಲ್ಲೇ ಮಾನವೀಯತೆ ಇದೆ, ಅದರ ಪಕ್ಕದಲ್ಲಿ ಜಿಜ್ಞಾಸೆ ಇದೆ. ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಒಂದನ್ನು ಬಿಟ್ಟು ಇನ್ನೊಂದನ್ನು ಪಾಲಿಸಲು ಆಗುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ತಡವಾಗಿ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಜಗುಲಿಯ ಮೇಲೆ ಒಂದು ತೆಂಗಿನಕಾಯಿ ಇಟ್ಟು, ಮೊಬೈಲ್ ಟಾರ್ಚನ್ನು ಸೂರ್ಯ ಮಾಡಿ, ಒಂದು ಕಡಲೆಕಾಯಿಯನ್ನು ಉಪಗ್ರಹ ಮಾಡಿ ಅಪ್ಪನಿಗೆ ತೋರಿಸಿದೆ. ಕಡಲೆಕಾಯಿ ನೆರಳಿಗೆ ಹೋದದ್ದನ್ನು ನೋಡಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾದ್ರೆ ನಡುರಾತ್ರೀಲಿ ಅವು ಕಾಣಾಕಿಲ್ಲ ಬಿಡು. ಸಂಜೆ ಇಲ್ಲಾ ಬೆಳಗಿನ ಜಾವ ಅಷ್ಟೇಯ" ಅಂದ.

ಅದನ್ನು ನಾನು ಹೇಳಿರಲಿಲ್ಲ. ಅವನೇ ಕಂಡುಕೊಂಡ. ಅವತ್ತು ಹಾಲ್‌ನಲ್ಲಿ ನಕ್ಕ ವಿಷಯ ಎತ್ತಿ ತಪ್ಪಾಯಿತು ಅಂದೆ. "ಹೋಗ್ಲಿ ಬಿಡು, ನಾನು ನೋಡಿದ್ದು ಸುಳ್ಳಲ್ಲ ತಾನೇ?" ಎಂದಷ್ಟೇ ಕೇಳಿದ.

ಹೋದ ವಾರ ರಾತ್ರಿ ಫೋನ್ ಮಾಡಿದ್ದ. ತೋಟದ ಮೇಲೆ ಏನೋ ಹಸಿರು ಬೆಳಕು ಸರ್ರನೆ ಹೋಯಿತಂತೆ. ಪುಸ್ತಕ ಮುಚ್ಚಿ, ನೋಟ್‌ಬುಕ್ ತೆಗೆದು ಕೇಳಿದೆ: "ಎಷ್ಟು ಹೊತ್ತಿಗಪ್ಪಾ? ಯಾವ ದಿಕ್ಕಿಗೆ?"